ಪೆಸೊವಾನನ್ನು ಎಲ್ಲಿಂದ ಓದಲು ಶುರು ಮಾಡಬೇಕು?

"ಪೆಸೊವಾನ ಯಾವ ಪುಸ್ತಕ ಮೊದಲು ಓದಲಿ?" ಪೋರ್ಚುಗಲ್ಲಿನ ಕವಿ ಫೆರ್ನಾಂದೊ ಪೆಸೊವಾನ ಬಗ್ಗೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಕೆಲವರು ಇನ್‌ಸ್ಟಾಗ್ರಾಮಿನಲ್ಲಿ ಅವನದೊಂದು ಸಾಲು ನೋಡಿ ಮರುಳಾದವರು. ಇನ್ನು ಕೆಲವರು 'ದ ಬುಕ್ ಆಫ್ ಡಿಸ್‌ಕ್ವಯೆಟ್' ಕೊಂಡು, ಒಂದಷ್ಟು ಪುಟ ಓದಿ, ತಲೆ ಭಾರವಾಗಿ, ಕಪಾಟಿಗೆ ಸೇರಿಸಿದವರು. ಇಬ್ಬರಿಗೂ ನನ್ನ ಉತ್ತರ ಒಂದೇ. ಪುಸ್ತಕ ಆಮೇಲೆ, ಮೊದಲು ಆಳನ್ನು ಆರಿಸಿಕೊಳ್ಳಿ. ಪೆಸೊವಾ ಎಂಬ ಹೆಸರಿನ ಹಿಂದೆ ಬರೆಯುವವರು ಹಲವರಿದ್ದಾರೆ. ಎಲ್ಲರನ್ನೂ ಒಟ್ಟಿಗೆ ಓದಲು ಹೋದರೆ ಗದ್ದಲ ಮಾತ್ರ ಕೇಳಿಸುತ್ತದೆ.

ಮೊದಲು ಚುಟುಕಾಗಿ ಪರಿಚಯ. ಫೆರ್ನಾಂದೊ ಪೆಸೊವಾ 1888ರ ಜೂನ್ 13ರಂದು ಲಿಸ್ಬನ್ನಿನಲ್ಲಿ ಹುಟ್ಟಿದ. ಐದು ವರ್ಷದವನಿದ್ದಾಗ ಅಪ್ಪ ಕ್ಷಯದಿಂದ ತೀರಿಕೊಂಡ. ಅಮ್ಮ ಮತ್ತೆ ಮದುವೆಯಾದಳು. ಮಲತಂದೆ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಪೋರ್ಚುಗಲ್ಲಿನ ಕಾನ್ಸಲ್ ಆಗಿದ್ದ. ಹೀಗಾಗಿ ಹುಡುಗ 1896ರಲ್ಲಿ ಅಲ್ಲಿಗೆ ಹೋಗಿ ಇಂಗ್ಲಿಷ್ ಶಾಲೆ ಸೇರಿದ. (ಆ ದಿನಗಳಲ್ಲಿ ಅದೇ ಊರಿನಲ್ಲಿ ಗಾಂಧೀಜಿ ವಕೀಲಿ ಮಾಡುತ್ತಿದ್ದರು.) 1905ರಲ್ಲಿ ಲಿಸ್ಬನ್ನಿಗೆ ವಾಪಸ್ ಬಂದವನು ಆಮೇಲೆ ಊರು ಬಿಟ್ಟು ಹೊರಗೆ ಹೋದದ್ದೇ ಕಡಿಮೆ. ವ್ಯಾಪಾರದ ಕಚೇರಿಗಳಿಗೆ ಇಂಗ್ಲಿಷ್, ಫ್ರೆಂಚ್ ಪತ್ರ ಬರೆದುಕೊಟ್ಟು ಜೀವನ ಸಾಗಿಸಿದ. 1935ರ ನವೆಂಬರ್ 30ರಂದು, 47ನೇ ವಯಸ್ಸಿನಲ್ಲಿ ತೀರಿಕೊಂಡ. ಬದುಕಿದ್ದಾಗ ಪೋರ್ಚುಗೀಸಿನಲ್ಲಿ ಬಂದ ಅವನ ಕವನ ಸಂಕಲನ ಒಂದೇ. ಸತ್ತ ಮೇಲೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ 25,000ಕ್ಕೂ ಹೆಚ್ಚು ಕಾಗದ. ಅವೀಗ ಪೋರ್ಚುಗಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಮೊದಲೇ ತಿಳಿದಿರಬೇಕಾದ ಮೂರು ಪದ

ಹೆಟೆರೋನಿಮ್: ಇದು ಕಾವ್ಯನಾಮ ಅಲ್ಲ. ಎಡವುವುದು ಇಲ್ಲೇ ಜಾಸ್ತಿ. ಕುವೆಂಪು ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರೇ, ಹೆಸರು ಮಾತ್ರ ಚಿಕ್ಕದು. ಕಾವ್ಯನಾಮ ಬದಲಾದರೂ ಬರೆಯುವ ಮನುಷ್ಯ ಅವನೇ. ಹೆಟೆರೋನಿಮ್ ಹಾಗಲ್ಲ. ಪೆಸೊವಾ ಹುಟ್ಟಿಸಿದ ಆ ಕವಿಗೆ ಬೇರೆ ಹುಟ್ಟಿದೂರು, ಬೇರೆ ಎತ್ತರ, ಬೇರೆ ಕಸುಬು, ಬೇರೆ ಶೈಲಿ. ಪೆಸೊವಾ ಒಪ್ಪದ ಅಭಿಪ್ರಾಯಗಳೂ ಅವನಿಗಿರುತ್ತವೆ. ಅಂಥವರಿಗಾಗಿ ಪೆಸೊವಾ ಜಾತಕ ಕೂಡ ಹಾಕಿದ್ದ.

ಆರ್ಥೋನಿಮ್: ಪೆಸೊವಾ ತನ್ನದೇ ಹೆಸರಿನಲ್ಲಿ ಬರೆದದ್ದು. 'ಓಹ್, ಹಾಗಾದರೆ ಇವನೇ ಅಸಲಿ' ಅನ್ನಿಸುತ್ತದೆ. ಆ ಆಸೆಯನ್ನು ಸ್ವಲ್ಪ ತಡೆದುಕೊಳ್ಳಿ, 6ನೇ ಹಂತಕ್ಕೆ ಬಂದಾಗ ಮಾತಾಡೋಣ.

ಅರೆ-ಹೆಟೆರೋನಿಮ್: ಪೂರ್ತಿ ಬೇರೆಯವನಲ್ಲ, ಪೂರ್ತಿ ಪೆಸೊವಾನೂ ಅಲ್ಲ. ಹೀಗಿರುವವರಲ್ಲಿ ಮುಖ್ಯನಾದವನು ಬೆರ್ನಾರ್ದೊ ಸುವಾರೆಸ್. ಕಪಾಟಿನಲ್ಲಿ ಕೂತಿದೆಯಲ್ಲ ಆ ಪುಸ್ತಕ, ಅದರ ಲೇಖಕ ಇವನು.

ಏನೇನು ಬೇಕು

ಕವಿತೆಗಳ ಒಂದು ಒಳ್ಳೆಯ ಇಂಗ್ಲಿಷ್ ಸಂಕಲನ ಬೇಕು. ಅದರಲ್ಲಿ ಕವಿತೆಗಳನ್ನು ಹೆಟೆರೋನಿಮ್‌ವಾರು ಬೇರೆಬೇರೆ ಭಾಗ ಮಾಡಿರಬೇಕು. ಕೊಳ್ಳುವ ಮುಂಚೆ ಪರಿವಿಡಿ ನೋಡಿ. ಎಲ್ಲ ಹೆಸರಿನ ಪದ್ಯಗಳನ್ನು ಕಲಸಿ ಕಾಲಾನುಕ್ರಮದಲ್ಲೋ ವಿಷಯವಾರೋ ಜೋಡಿಸಿದ್ದರೆ ಬೇಡ. ರಿಚರ್ಡ್ ಜೆನಿತ್ ಅನುವಾದಿಸಿದ ಸಂಕಲನಗಳು ಸುಲಭವಾಗಿ ಸಿಗುತ್ತವೆ, ಹೆಸರುವಾರು ಭಾಗಗಳೂ ಅವುಗಳಲ್ಲಿವೆ.

ಮೂಲ ಪೋರ್ಚುಗೀಸ್ ಪಠ್ಯಕ್ಕೆ ದುಡ್ಡು ಕೊಡಬೇಕಿಲ್ಲ. ಪೆಸೊವಾ ಸತ್ತು 85 ವರ್ಷ ದಾಟಿದೆ, ಅವನು ಬದುಕಿದ್ದಾಗ ಅಚ್ಚಾದ ಬರಹಗಳ ಹಕ್ಕಿನ ಅವಧಿ ಮುಗಿದಿದೆ. 'ಆರ್ಕೀವೊ ಪೆಸೊವಾ' ಎಂಬ ಜಾಲತಾಣದಲ್ಲಿ ಬಹಳಷ್ಟು ಬರಹ ಹುಡುಕಲು ಸಿಗುತ್ತದೆ. ಆದರೆ ಇಂಗ್ಲಿಷ್ ಅನುವಾದಗಳಿಗೆ ಅನುವಾದಕರ ಹಕ್ಕು ಇನ್ನೂ ಇದೆ. ಟೆಲಿಗ್ರಾಮಿನಲ್ಲಿ ಹರಿದಾಡುವ ಪಿಡಿಎಫ್ ಬೇಡ. ಹಕ್ಕಿನ ಮಾತು ಹಾಗಿರಲಿ, ಅವುಗಳಲ್ಲಿ ಯಾವ ಆವೃತ್ತಿ, ಯಾರ ಅನುವಾದ ಎಂಬ ಪುಟವೇ ಇರುವುದಿಲ್ಲ. ಪೆಸೊವಾನ ವಿಷಯದಲ್ಲಿ ಆ ಪುಟ ಬಹಳ ಮುಖ್ಯ. ಯಾಕೆ ಅನ್ನುವುದು 7ನೇ ಹಂತದಲ್ಲಿದೆ.

ಜತೆಗೆ ಒಂದು ನೋಟ್‌ಬುಕ್, ಪೆನ್ನು.

1. ನಾಲ್ವರ ಚೀಟಿ ಮಾಡಿಕೊಳ್ಳಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕು ಹೆಸರು ಬರೆದು, ಪ್ರತಿ ಹೆಸರಿನ ಕೆಳಗೆ ಎರಡು ಮೂರು ಸಾಲು ವಿವರ ಹಾಕಿ. ಇದು ಸುಮ್ನೆ ಶಾಲೆಯ ಹೋಮ್‌ವರ್ಕ್ ತರಹ ಕಾಣಬಹುದು. ಆದರೆ ಪದ್ಯ ಓದುವಾಗ 'ಇದನ್ನು ಹೇಳುತ್ತಿರುವವನು ಯಾರು' ಎಂದು ಪ್ರತಿ ಸಲ ನೆನಪಾಗಬೇಕು, ಅದಕ್ಕೇ ಈ ಚೀಟಿ.

ಆಲ್ಬೆರ್ತೊ ಕಾಯೆರೊ: 1889ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟು. ಆದರೆ ಬದುಕೆಲ್ಲ ಹಳ್ಳಿಯಲ್ಲಿ, ಅಜ್ಜಿಯ ವಯಸ್ಸಿನ ಒಬ್ಬ ಬಂಧುವಿನ ಜೊತೆ. ಪ್ರೈಮರಿಗಿಂತ ಮುಂದೆ ಓದಿಲ್ಲ. ನೀಲಿ ಕಣ್ಣು. 1915ರಲ್ಲಿ ಕ್ಷಯದಿಂದ ಸಾವು. ಉಳಿದವರೆಲ್ಲರಿಗೂ ಇವನೇ ಗುರು. ಪೆಸೊವಾನಿಗೂ!

ರಿಕಾರ್ದೊ ರೇಯ್ಸ್: 1887, ಪೋರ್ತೊ ನಗರ. ಡಾಕ್ಟರ್. ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ ಓದಿದವನು, ಲ್ಯಾಟಿನ್ ಬಲ್ಲವನು. ರಾಜಪ್ರಭುತ್ವದ ಪರ. ಅದಕ್ಕೇ ಬ್ರೆಜಿಲ್ಲಿಗೆ ಹೋಗಿ ನೆಲೆಸಿದ.

ಆಲ್ವರೊ ದೆ ಕಾಂಪೋಸ್: 1890ರ ಅಕ್ಟೋಬರ್ 15, ತವೀರಾ ಊರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಓದಿದ ಹಡಗಿನ ಎಂಜಿನಿಯರ್, ಈಗ ಲಿಸ್ಬನ್ನಿನಲ್ಲಿ ಕೆಲಸವಿಲ್ಲದೆ ಕೂತಿದ್ದಾನೆ. ಎತ್ತರ 1.75 ಮೀಟರ್, ಅಂದರೆ ಪೆಸೊವಾನಿಗಿಂತ 2 ಸೆಂಟಿಮೀಟರ್ ಜಾಸ್ತಿ. ಒಂಟಿ ಕನ್ನಡಕ.

ಬೆರ್ನಾರ್ದೊ ಸುವಾರೆಸ್: ಲಿಸ್ಬನ್ನಿನ ರುವಾ ದೊಸ್ ದೌರಾದೋರೆಸ್ ಬೀದಿಯ ಬಟ್ಟೆ ವ್ಯಾಪಾರದ ಕಚೇರಿಯಲ್ಲಿ ಲೆಕ್ಕ ಬರೆಯುವ ಸಹಾಯಕ ಗುಮಾಸ್ತ.

ಮೊದಲ ಮೂವರ ವಿವರಗಳು ಬಹುಪಾಲು ಪೆಸೊವಾನೇ ಬರೆದ ಒಂದು ಕಾಗದದಲ್ಲಿವೆ. ಸಾಯುವ ವರ್ಷ, 1935ರ ಜನವರಿ 13ರಂದು, ಅದೊಲ್ಫೊ ಕಸಾಯಿಸ್ ಮೊಂತೆಯ್ರೊ ಎಂಬ ವಿಮರ್ಶಕನಿಗೆ ಬರೆದದ್ದು. ಎಲ್ಲ ಶುರುವಾದದ್ದು ಒಂದು ಕೀಟಲೆಯಿಂದ ಎನ್ನುತ್ತಾನೆ. ಗೆಳೆಯ ಮಾರಿಯೊ ದೆ ಸಾ-ಕರ್ನೆಯ್ರೊನನ್ನು ಏಮಾರಿಸಲು ಒಬ್ಬ ಹಳ್ಳಿ ಕವಿಯನ್ನು ಹುಟ್ಟಿಸಹೊರಟ. ಆಗಲಿಲ್ಲ, ಕೈಬಿಟ್ಟ. ಕೈಬಿಟ್ಟ ದಿನವೇ, 1914ರ ಮಾರ್ಚ್ 8ರಂದು, ಎತ್ತರದ ಡ್ರಾಯರ್ ಕಪಾಟಿನ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯಲು ತೊಡಗಿದ. ಮೂವತ್ತಕ್ಕೂ ಹೆಚ್ಚು ಪದ್ಯಗಳು ಒಂದೇ ಉಸಿರಿಗೆ ಬಂದವು, ನನ್ನ ಗುರು ನನ್ನೊಳಗೆ ಕಾಣಿಸಿಕೊಂಡ ಎನ್ನುತ್ತಾನೆ.

ಎಚ್ಚರ: ಈ ಕತೆಯನ್ನು ಅಕ್ಷರಶಃ ನಂಬಬೇಡಿ. ಆ ಪದ್ಯಗಳನ್ನು ಹಲವು ದಿನಗಳಲ್ಲಿ ಬರೆದು, ಹೊಡೆದು, ತಿದ್ದಿದ್ದಾನೆ ಅನ್ನುವುದಕ್ಕೆ ಹಸ್ತಪ್ರತಿಗಳೇ ಸಾಕ್ಷಿ. ಹಾಗಂತ ಕಾಗದ ಸುಳ್ಳು ಎಂದು ಬಿಸಾಡಲೂ ಬೇಡಿ. ಕವಿಗಳನ್ನೇ ಹುಟ್ಟಿಸುವವನು ಅವರ ಹುಟ್ಟಿನ ಕತೆಯನ್ನೂ ಹುಟ್ಟಿಸುತ್ತಾನೆ, ಅಲ್ವಾ?

2. ಕಾಯೆರೊನಿಂದ ಶುರು ಮಾಡಿ

ಗುರುವನ್ನು ಮೊದಲು ಓದಿದರೆ ಶಿಷ್ಯರು ಯಾವುದರ ಜೊತೆ ಜಗಳವಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಕಾಯೆರೊನ ಮುಖ್ಯ ಕೃತಿ 49 ಪದ್ಯಗಳ ಒಂದು ಮಾಲೆ, 'ಕುರಿ ಕಾಯುವವನು'. ಪದ್ಯಗಳಿಗೆ ಸಂಖ್ಯೆಗಳಿವೆ, ಅದು ಎಲ್ಲ ಆವೃತ್ತಿಗಳಲ್ಲೂ ಒಂದೇ. ಈ ಕ್ರಮದಲ್ಲಿ ಓದಿ: 1, 2, 5, 9, 20, 39. ಆಮೇಲೆ 8.

ಮೊದಲ ಪದ್ಯದ ಮೊದಲ ಸಾಲೇ ಕೈ ಕೊಡುತ್ತದೆ. "ನಾನು ಯಾವತ್ತೂ ಕುರಿ ಕಾದವನಲ್ಲ, ಆದರೆ ಕಾದ ಹಾಗೇ" ಎನ್ನುತ್ತಾನೆ. ಪುಸ್ತಕದ ಹೆಸರು ಕುರಿ ಕಾಯುವವನು, ಕವಿ ಕುರಿಯನ್ನೇ ಕಾದಿಲ್ಲ. 9ನೇ ಪದ್ಯಕ್ಕೆ ಬರುವ ಹೊತ್ತಿಗೆ ಆ ಮಂದೆ ಯಾವುದು ಎಂದು ತಿಳಿಯುತ್ತದೆ: ಅವನ ಯೋಚನೆಗಳು. ಆ ಯೋಚನೆಗಳೆಲ್ಲವೂ ಕಣ್ಣು, ಕಿವಿ, ಮೂಗು, ಬಾಯಿಯ ಅನುಭವಗಳೇ.

ಕಾಯೆರೊ ಹೇಳುವುದು ಇಷ್ಟು. ವಸ್ತುಗಳಿಗೆ ಒಳಾರ್ಥವಿಲ್ಲ. ಮರ ಮರವೇ, ಕಲ್ಲು ಕಲ್ಲೇ. "ಯೋಚಿಸುವುದೆಂದರೆ ಮಳೆಯಲ್ಲಿ ನಡೆದ ಹಾಗೆ ಕಿರಿಕಿರಿ" ಎಂದು ಹೇಳಿ ಮುಂದೆ ಹೋಗುತ್ತಾನೆ. ಪ್ರಾಸವಿಲ್ಲ, ಅಲಂಕಾರ ಬೇಕಿಲ್ಲ. ಇವನ ಪೋರ್ಚುಗೀಸ್ ಚೆನ್ನಾಗಿಲ್ಲ ಎಂದು ಪೆಸೊವಾನೇ ದೂರುತ್ತಾನೆ. ಗುರುವಿನ ವ್ಯಾಕರಣ ತಪ್ಪುಗಳನ್ನು ಶಿಷ್ಯನೇ ಬೇಕೆಂದು ಬರೆದುಕೊಟ್ಟಿದ್ದಾನೆ ಅನ್ನುವುದನ್ನು ನೆನಪಿಡಿ.

8ನೇ ಪದ್ಯವನ್ನು ಕೊನೆಗೆ ಇಟ್ಟುಕೊಳ್ಳಿ ಎಂದದ್ದಕ್ಕೆ ಕಾರಣವಿದೆ. ಅದು ಉದ್ದ, ಮತ್ತು ಮಾಲೆಯಲ್ಲೇ ಅತಿ ತುಂಟ. ಬಾಲ ಯೇಸು ಸ್ವರ್ಗದಿಂದ ತಪ್ಪಿಸಿಕೊಂಡು ಭೂಮಿಗೆ ಬರುತ್ತಾನೆ. ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತಾನೆ, ಕೆಸರು ನೀರಿನಲ್ಲಿ ಕಾಲು ಬಡಿಯುತ್ತಾನೆ, ತೋಟದ ಹಣ್ಣು ಕದಿಯುತ್ತಾನೆ. ಸಂಜೆ ಕವಿಯೂ ಅವನೂ ಬಾಗಿಲ ಮೆಟ್ಟಿಲ ಮೇಲೆ ಕೂತು ಐದು ಕಲ್ಲಿನ ಆಟ ಆಡುತ್ತಾರೆ. ಹೌದು, ನಮ್ಮ ಜಗುಲಿಗಳ ಮೇಲೆ ಆಡುವ ಅದೇ ಐದು ಕಲ್ಲಿನ ಆಟ. ಪ್ರತಿ ಕಲ್ಲೂ ಒಂದೊಂದು ವಿಶ್ವ, ನೆಲಕ್ಕೆ ಬಿದ್ದರೆ ಅಪಾಯ ಎನ್ನುವಷ್ಟು ಗಂಭೀರವಾಗಿ ಆಡುತ್ತಾರೆ.

ಎಚ್ಚರ: ಕಾಯೆರೊನಲ್ಲಿ ಝೆನ್, ವೇದಾಂತ ಎಲ್ಲ ಹುಡುಕಲು ಮನಸ್ಸು ಎಳೆಯುತ್ತದೆ. ಹುಡುಕಿದರೆ ಸಿಕ್ಕೀತು ಕೂಡ. ಆದರೆ ಅವನು ಬೇಡ ಎನ್ನುವುದು ಅದನ್ನೇ. ಮೊದಲ ಓದಿನಲ್ಲಾದರೂ ಅವನ ಮಾತು ಕೇಳಿ.

3. ಕಾಂಪೋಸ್‌ನನ್ನು ಜೋರಾಗಿ ಓದಿ

ಇಲ್ಲಿ ಸ್ವಲ್ಪ ಹೆಚ್ಚು ದಿನ ತೆಗೆದುಕೊಳ್ಳಿ. ನನ್ನ ಮಟ್ಟಿಗೆ ನಾಲ್ವರಲ್ಲಿ ದೊಡ್ಡ ಕವಿ ಇವನೇ. ಒಪ್ಪದವರು ಬಹಳ ಜನ ಇದ್ದಾರೆ, ಇರಲಿ.

ಕಾಂಪೋಸ್‌ನಿಗೆ ಮೂರು ಕಾಲ. ಮೊದಲನೆಯದು 'ಒಪಿಯಾರಿಯೊ' ಎಂಬ ಪದ್ಯದ್ದು: ಪೂರ್ವದೇಶಗಳಿಂದ ಮರಳುವ ಹಡಗಿನಲ್ಲಿ ಅಫೀಮು, ಬೇಸರ, ಸೋಗು. ಇದರ ಹಿಂದಿನ ಆಟ ಮಜವಾಗಿದೆ. ಕಾಂಪೋಸ್ ಹುಟ್ಟಿ 'ವಿಜಯ ಗೀತೆ' ಬರೆದಾದ ಮೇಲೆ, 'ಗುರು ಕಾಯೆರೊ ಸಿಗುವ ಮೊದಲು ಇವನು ಹೇಗೆ ಬರೆಯುತ್ತಿದ್ದಿರಬಹುದು' ಎಂದು ಊಹಿಸಿ ಪೆಸೊವಾ ಈ 'ಹಳೆಯ' ಪದ್ಯವನ್ನು ಹೊಸದಾಗಿ ಬರೆದ. ಮೊದಲ ಸಲಕ್ಕೆ ಇದನ್ನು ಬಿಟ್ಟರೂ ನಡೆಯುತ್ತದೆ.

ಎರಡನೆಯ ಕಾಲಕ್ಕೆ 'ವಿಜಯ ಗೀತೆ' ಓದಿ. 1915ರಲ್ಲಿ 'ಒರ್ಫೆಯು' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂತು. (ಎರಡೇ ಸಂಚಿಕೆ ಬಂದು ನಿಂತುಹೋದ ಪತ್ರಿಕೆ ಅದು. ಲಿಸ್ಬನ್ನಿನ ಮಡಿವಂತರು ಬೈದದ್ದೇ ಬೈದದ್ದು.) ಕಾರ್ಖಾನೆಯ ಗಾಲಿ, ಹಲ್ಲುಚಕ್ರ, ಉರಿಯುವ ವಿದ್ಯುತ್ ದೀಪ, ಎಣ್ಣೆ, ಶಾಖ ಎಲ್ಲ ಇದರಲ್ಲಿವೆ. ಪದಗಳು ಸಾಲದೆ 'ರ್‌ರ್‌ರ್‌ರ್' ಎಂದು ಯಂತ್ರದ ಸದ್ದನ್ನೇ ಸಾಲಾಗಿಸುತ್ತಾನೆ. ಇದನ್ನು ಮನಸ್ಸಿನಲ್ಲೇ ಓದಿಕೊಂಡರೆ ವ್ಯರ್ಥ. ಬಾಗಿಲು ಹಾಕಿಕೊಂಡು ಜೋರಾಗಿ ಓದಿ. ಪೋರ್ಚುಗೀಸ್ ಬಾರದಿದ್ದರೂ ಮೂಲದ ಒಂದು ಓದನ್ನು ಆನ್‌ಲೈನಿನಲ್ಲಿ ಹುಡುಕಿ ಕೇಳಿ.

ಮೂರನೆಯ ಕಾಲ ದಣಿವಿನದು. ಇಲ್ಲಿ ಒಂದೇ ಪದ್ಯ ಓದುವುದಿದ್ದರೆ 'ತಬಕರಿಯಾ' ಓದಿ, ಅಂದರೆ ಸಿಗರೇಟು-ತಂಬಾಕಿನ ಅಂಗಡಿ. ಬರೆದದ್ದು 1928ರ ಜನವರಿ 15, ಅಚ್ಚಾದದ್ದು 1933ರಲ್ಲಿ. ಶುರು ಹೀಗಿದೆ:

ನಾನು ಏನೂ ಅಲ್ಲ.
ಯಾವತ್ತೂ ಏನೂ ಆಗಲಾರೆ.
ಏನಾದರೂ ಆಗಬೇಕೆಂದು ಬಯಸಲೂ ಆರೆ.
ಅದೊಂದು ಬಿಟ್ಟರೆ, ಜಗತ್ತಿನ ಎಲ್ಲ ಕನಸೂ ನನ್ನೊಳಗಿವೆ.

ಕಿಟಕಿಯ ಬಳಿ ಒಬ್ಬ ಇದ್ದಾನೆ. ಎದುರಿಗೆ ಬೀದಿ, ಬೀದಿಯಾಚೆ ಅಂಗಡಿ. ತತ್ವ ಕೊರೆಯುತ್ತಾ ಕೊರೆಯುತ್ತಾ ಹೋಗುತ್ತಾನೆ. ನಡುವೆ ಒಬ್ಬ ಪುಟ್ಟ ಹುಡುಗಿಗೆ 'ಚಾಕೊಲೇಟು ತಿನ್ನು ಮಗೂ, ಚಾಕೊಲೇಟಿಗಿಂತ ದೊಡ್ಡ ತತ್ವ ಲೋಕದಲ್ಲಿಲ್ಲ' ಎನ್ನುತ್ತಾನೆ. ಅಂಗಡಿಯವನು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅವನೂ ಸಾಯುತ್ತಾನೆ, ನಾನೂ ಸಾಯುತ್ತೇನೆ, ಅಂಗಡಿಯ ಬೋರ್ಡೂ ಹೋಗುತ್ತದೆ, ನನ್ನ ಪದ್ಯವೂ ಹೋಗುತ್ತದೆ ಎಂದು ಲೆಕ್ಕ ಸಾಗುತ್ತದೆ. ಅಷ್ಟರಲ್ಲಿ ಯಾರೋ ತಂಬಾಕು ಕೊಳ್ಳಲು ಅಂಗಡಿಗೆ ಹೋಗುತ್ತಾನೆ. ಹೊರಗೆ ಬಂದು ಚಿಲ್ಲರೆಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುವಾಗ ಗುರುತು ಸಿಗುತ್ತದೆ: ಅರೆ, ಇವನು ಎಸ್ತೆವೆಸ್. ಯಾವ ತತ್ವಚಿಂತೆಯೂ ಇಲ್ಲದ ಎಸ್ತೆವೆಸ್. ಅವನು ತಿರುಗಿ ಕೈ ಬೀಸುತ್ತಾನೆ, ಕವಿಯೂ ಕೂಗಿ ಮಾತಾಡಿಸುತ್ತಾನೆ, ಅಂಗಡಿಯವನು ನಗುತ್ತಾನೆ. ಪದ್ಯ ಅಲ್ಲಿಗೆ ಮುಗಿಯುತ್ತದೆ.

ಆ ಚಿಲ್ಲರೆಯ ಸಾಲು ಬಂದಾಗ ನಿಧಾನಿಸಿ. ಅಷ್ಟುದ್ದದ ನಿರಾಶೆಯನ್ನು ನೆಲಕ್ಕಿಳಿಸಲು ಅವನಿಗೆ ಬೇಕಾದದ್ದು ಪರಿಚಯದವನೊಬ್ಬ ಜೇಬಿಗೆ ಹಾಕಿಕೊಂಡ ಚಿಲ್ಲರೆ, ಅಷ್ಟೇ.

4. ರೇಯ್ಸ್: ದಿನಕ್ಕೆ ಒಂದೇ

ಕಾಂಪೋಸ್‌ನ ಬೆನ್ನಿಗೇ ರೇಯ್ಸ್ ಓದಿದರೆ ತಣ್ಣಗೆ, ಸಪ್ಪೆ ಅನ್ನಿಸುತ್ತದೆ. ಎರಡು ದಿನ ಬಿಡಿ. ಇವನು ಬರೆಯುವುದು ಓಡ್, ಅಂದರೆ ರೋಮನ್ ಕವಿ ಹೊರೇಸನ ಮಾದರಿಯ, ಪ್ರಾಸವಿಲ್ಲದ, ಅಳೆದು ತೂಗಿದ ಚಿಕ್ಕ ಪದ್ಯ. ಲೀದಿಯಾ, ನೆಯೆರಾ, ಕ್ಲೋಯೆ ಎಂಬ ಹೆಣ್ಣುಗಳನ್ನು ಕರೆದು ಮಾತಾಡುತ್ತಾನೆ. ಹೆಸರುಗಳೂ ಹೊರೇಸನಿಂದ ತಂದವೇ. ಕಾಲ ಹೋಗುತ್ತಿದೆ, ದೇವರುಗಳಿಗೂ ಮೇಲೆ ವಿಧಿ ಇದೆ, ಹೆಚ್ಚು ಆಸೆ ಬೇಡ, ಹೂ ಕೈಯಲ್ಲಿ ಹಿಡಿದು ಸುಮ್ಮನೆ ಕೂರೋಣ. ಇವನ ಪಾಠ ಅದು.

ಶುರುವಿಗೆ 1933ರ ಒಂದು ಆರು ಸಾಲಿನ ಪದ್ಯ ಸಾಕು. ದೊಡ್ಡವನಾಗಬೇಕೆಂದರೆ ಇಡಿಯಾಗಿರು, ನೀನು ಮಾಡುವ ಅತಿ ಸಣ್ಣ ಕೆಲಸದಲ್ಲೂ ನಿನ್ನಷ್ಟನ್ನೂ ಹಾಕು ಎನ್ನುತ್ತಾ, ಕೊನೆಗೆ:

ಹೀಗೇ ಒಂದೊಂದು ಕೆರೆಯಲ್ಲೂ ಇಡೀ ಚಂದ್ರ
ಹೊಳೆಯುತ್ತಾನೆ, ಎತ್ತರದಲ್ಲಿ ಬಾಳುವುದರಿಂದ.

ಆಮೇಲೆ 1916ರ ಚದುರಂಗದ ಪದ್ಯ ಓದಿ. ಪರ್ಷಿಯಾದಲ್ಲಿ ಯುದ್ಧ. ಶತ್ರುಗಳು ನಗರಕ್ಕೆ ನುಗ್ಗಿದ್ದಾರೆ, ಮನೆಗಳು ಉರಿಯುತ್ತಿವೆ, ಹೆಂಗಸರು ಕಿರುಚುತ್ತಿದ್ದಾರೆ. ಇಬ್ಬರು ಮಾತ್ರ ಮರದ ನೆರಳಿನಲ್ಲಿ ಕೂತು ಚದುರಂಗ ಆಡುತ್ತಲೇ ಇದ್ದಾರೆ. ರೇಯ್ಸ್‌ಗೆ ಅವರು ಆದರ್ಶ. ಓದಿ ನಿಮಗೆ ಸಿಟ್ಟು ಬಂದರೆ ಒಳ್ಳೆಯದೇ. ಪೆಸೊವಾ ರೇಯ್ಸ್‌ನನ್ನು ಒಪ್ಪುತ್ತಾನೆ ಎಂದು ಎಲ್ಲಿಯೂ ಹೇಳಿಲ್ಲ. ಕಾಂಪೋಸ್ ಅಂತೂ ಅವನ ಕಾವ್ಯದ ಬಗ್ಗೆ ಜಗಳವನ್ನೇ ಆಡಿದ್ದಾನೆ.

ಇನ್ನೊಂದು ಮಾತು. ಕಾಯೆರೊ ಸತ್ತ ವರ್ಷವನ್ನು ಪೆಸೊವಾ ಹೇಳಿದ, ರೇಯ್ಸ್‌ನದು ಹೇಳಲಿಲ್ಲ. ಆ ಖಾಲಿ ಜಾಗದಲ್ಲಿ ಜೊಸೆ ಸರಮಾಗೊ 1984ರಲ್ಲಿ ಒಂದು ಇಡೀ ಕಾದಂಬರಿ ಬರೆದ. ಅದನ್ನು ಓದುವ ಮನಸ್ಸಿದ್ದರೆ ರೇಯ್ಸ್‌ನ ಓಡ್‌ಗಳ ನಂತರ ಓದಿ, ಮೊದಲು ಬೇಡ.

5. ಒಂದೇ ನದಿ, ನಾಲ್ಕು ಕಣ್ಣು

ಇದು ಓದಲ್ಲ, ಅಭ್ಯಾಸ. ಒಂದು ಸಂಜೆ ಸಾಕು. ನದಿ ಬರುವ ಪದ್ಯಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ.

ಕಾಯೆರೊನ 20ನೇ ಪದ್ಯ. ತೇಜು ನದಿ ಲಿಸ್ಬನ್ನಿನ ದೊಡ್ಡ ನದಿ, ಹಡಗುಗಳ ನದಿ, ಅದರಾಚೆ ಅಮೆರಿಕ. ನಮ್ಮೂರ ಹೊಳೆಗಿಂತ ತೇಜು ಚೆಂದ ಎಂದು ಶುರು ಮಾಡಿ, ಮರುಸಾಲಿನಲ್ಲೇ, ಆದರೆ ಚೆಂದವಲ್ಲ, ಯಾಕೆಂದರೆ ಅದು ನಮ್ಮೂರಲ್ಲಿ ಹರಿಯುವ ಹೊಳೆಯಲ್ಲ ಎನ್ನುತ್ತಾನೆ. ನಮ್ಮೂರ ಹೊಳೆ ಯಾವುದನ್ನೂ ನೆನಪಿಸುವುದಿಲ್ಲ, ಅದರ ಪಕ್ಕ ನಿಂತವನು ಅದರ ಪಕ್ಕ ನಿಂತಿದ್ದಾನೆ, ಅಷ್ಟೆ.

ರೇಯ್ಸ್‌ನ 'ಲೀದಿಯಾ, ಬಾ, ನದಿಯ ದಡದಲ್ಲಿ ನನ್ನ ಜೊತೆ ಕೂತುಕೋ'. ಇಲ್ಲಿ ಹೊಳೆ ಎಂದರೆ ಹೋಗುತ್ತಿರುವ ಆಯುಸ್ಸು. ಕೈ ಕೈ ಹಿಡಿಯೋಣ ಎನ್ನುತ್ತಾನೆ, ಆಮೇಲೆ ಬಿಟ್ಟುಬಿಡೋಣ, ಸುಮ್ಮನೆ ದಣಿಯುವುದು ಯಾಕೆ ಎನ್ನುತ್ತಾನೆ.

ಕಾಂಪೋಸ್‌ನ 'ಸಾಗರ ಗೀತೆ'ಯ ಶುರುವಿನ ಪುಟಗಳು. ಬೇಸಗೆಯ ಬೆಳಿಗ್ಗೆ, ಖಾಲಿ ಧಕ್ಕೆ, ಒಬ್ಬನೇ ನಿಂತಿದ್ದಾನೆ. ದೂರದಲ್ಲಿ ಸಣ್ಣ ಸ್ಟೀಮರ್ ಒಳಗೆ ಬರುತ್ತಿದೆ. ಅದನ್ನು ನೋಡುತ್ತಾ ಅವನೊಳಗೆ ಯಂತ್ರದ ಗಾಲಿಯೊಂದು ಮೆಲ್ಲಗೆ ತಿರುಗತೊಡಗುತ್ತದೆ. ಮುಂದೆ ಅದು ಯಾವ ವೇಗಕ್ಕೆ ಏರುತ್ತದೆ ಎಂದು ನೀವೇ ನೋಡಿ. ಇದು ಬಹಳ ಉದ್ದದ ಪದ್ಯ, ಇವತ್ತಿಗೆ ಶುರುವಷ್ಟೇ ಸಾಕು.

ಪೆಸೊವಾನ ಸ್ವಂತ ಹೆಸರಿನ 'ಓರೆ ಮಳೆ'ಯ ಮೊದಲ ಭಾಗ. ಇಲ್ಲಿ ನದಿ ಬದಲಿಗೆ ಬಂದರು. ಆ ಬಂದರು ಒಂದು ಕನಸು, ಕಣ್ಣೆದುರಿನ ತೋಟದ ಮರಗಳ ಮೂಲಕ ಹಡಗುಗಳು ಹಾದು ಹೋಗುತ್ತವೆ. ಎರಡು ನೋಟ ಒಂದರ ಮೇಲೊಂದು.

ಈಗ ಪುಟದ ಮೇಲಿನ ಹೆಸರು ಮುಚ್ಚಿ, ಗೊತ್ತಿಲ್ಲದ ಒಂದು ಪದ್ಯ ತೆಗೆದು, ಯಾರದೆಂದು ಹೇಳಲು ನೋಡಿ. ಮೂರರಲ್ಲಿ ಎರಡು ಸರಿ ಬಂದರೂ ಮುಂದೆ ಹೋಗಬಹುದು.

6. ಈಗ ಪೆಸೊವಾ

'ಇಷ್ಟು ಜನರಲ್ಲಿ ನಿಜವಾದ ಪೆಸೊವಾ ಯಾರು?' ಇದು ಎರಡನೆಯ ಖಾಯಂ ಪ್ರಶ್ನೆ. ಸ್ವಂತ ಹೆಸರಿನ ಪದ್ಯಗಳು ಕಾಯೆರೊನ ಪದ್ಯಗಳಷ್ಟೇ ಕಟ್ಟಿದ್ದು. ಕಾಯೆರೊ ಹುಟ್ಟಿದ ಮೇಲೆ, ಆ ಪ್ರಭಾವಕ್ಕೆ ಎದುರಾಗಿ ಪೆಸೊವಾ ಮತ್ತೆ ತಾನಾಗಿ 'ಓರೆ ಮಳೆ' ಬರೆದ ಎಂದು ಅದೇ 1935ರ ಕಾಗದ ಹೇಳುತ್ತದೆ. ಅಂದರೆ ಪೆಸೊವಾ ಕೂಡ ಕಾಯೆರೊನ ಒಬ್ಬ ಶಿಷ್ಯ, ಸಾಲಿನಲ್ಲಿ ಒಬ್ಬ.

ಇಲ್ಲಿ ತಪ್ಪದೆ ಓದಬೇಕಾದದ್ದು 1932ರಲ್ಲಿ ಅಚ್ಚಾದ ಹನ್ನೆರಡು ಸಾಲಿನ 'ಆಟೊಸೈಕೋಗ್ರಫಿ'. ಮೊದಲ ನಾಲ್ಕು ಸಾಲು:

ಕವಿ ಒಬ್ಬ ನಟನೆಗಾರ.
ಎಷ್ಟು ಪೂರ್ತಿ ನಟಿಸುತ್ತಾನೆಂದರೆ
ನಿಜವಾಗಿ ಆಗುತ್ತಿರುವ ನೋವನ್ನೂ
ನೋವಿನ ಹಾಗೆ ನಟಿಸಿಬಿಡುತ್ತಾನೆ.

ನೋವು ಸುಳ್ಳು ಎಂದು ಇದರ ಅರ್ಥವಲ್ಲ. ನೋವು ಇದೆ. ಪದ್ಯಕ್ಕೆ ಬರಬೇಕಾದರೆ ಅದೂ ವೇಷ ಹಾಕಬೇಕು.

ಎಚ್ಚರ: 'ಇವನಿಗೆ ಮಾನಸಿಕ ಕಾಯಿಲೆ ಇತ್ತಾ, ಒಡೆದ ವ್ಯಕ್ತಿತ್ವವಾ' ಎಂದು ಹುಡುಕಲು ಹೊರಟರೆ ಪದ್ಯಗಳು ಕೈತಪ್ಪುತ್ತವೆ. ಪೆಸೊವಾನೇ ತನಗೆ ಹಿಸ್ಟೀರಿಯಾದ ಗುಣವಿದೆ ಎಂದು ಬರೆದುಕೊಂಡದ್ದುಂಟು. ಆದರೆ 1928ರಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ ಈ ಎಲ್ಲರನ್ನೂ ಅಂಕಗಳಲ್ಲಿ ಅಲ್ಲದೆ ಜನರಲ್ಲಿ ಹಂಚಿದ ನಾಟಕ ಎಂದು ಕರೆದ. ಓದುಗರಿಗೆ ಉಪಯೋಗಕ್ಕೆ ಬರುವುದು ಈ ಎರಡನೆಯ ಮಾತು. ನಾಟಕ ಎಂದ ಮೇಲೆ ಪಾತ್ರಗಳು ವೇದಿಕೆಯಿಂದ ಇಳಿಯುವುದೂ ಇದೆ. ಪೆಸೊವಾನ ಪ್ರೇಯಸಿ ಒಫೇಲಿಯಾ ಕೆರೋಸ್‌ಗೆ ಕಾಂಪೋಸ್ ಹೆಸರಿನಲ್ಲೂ ಕಾಗದ ಹೋಗುತ್ತಿತ್ತು. ಅವಳಿಗೆ ಆ ಎಂಜಿನಿಯರನನ್ನು ಕಂಡರೆ ಆಗುತ್ತಿರಲಿಲ್ಲ.

7. ಕಪಾಟಿನಿಂದ ಆ ಪುಸ್ತಕ ತೆಗೆಯಿರಿ

'ದ ಬುಕ್ ಆಫ್ ಡಿಸ್‌ಕ್ವಯೆಟ್', ಕನ್ನಡದಲ್ಲಿ ಹೇಳುವುದಾದರೆ ತಳಮಳದ ಪುಸ್ತಕ. ಇದರ ಬಗ್ಗೆ ಮೊದಲು ಗೊತ್ತಿರಬೇಕಾದ ಸಂಗತಿ: ಪೆಸೊವಾ ಇಂಥದೊಂದು ಪುಸ್ತಕ ಮುಗಿಸಲೇ ಇಲ್ಲ. 1913ರಲ್ಲಿ ಮೊದಲ ತುಣುಕು ಅಚ್ಚಾಯಿತು. ಸಾಯುವವರೆಗೂ ಬರೆಯುತ್ತಿದ್ದ. ಮೊದಲು ಇದರ ಲೇಖಕ ವಿಸೆಂತೆ ಗೆದೆಸ್ ಎಂಬ ಇನ್ನೊಬ್ಬನಾಗಿದ್ದ, ಸುವಾರೆಸ್ ಬಂದದ್ದು ಆಮೇಲೆ. ಪುಸ್ತಕವಾಗಿ ಹೊರಬಂದದ್ದು 1982ರಲ್ಲಿ, ಪೆಸೊವಾ ಸತ್ತು 47 ವರ್ಷಕ್ಕೆ. ಯಾವ ತುಣುಕು ಮೊದಲು, ಯಾವುದು ಆಮೇಲೆ, ಯಾವುದು ಇದಕ್ಕೆ ಸೇರಿದ್ದೇ ಅಲ್ಲ ಎಂದು ತೀರ್ಮಾನಿಸಿದವರು ಸಂಪಾದಕರು. ಜೆನಿತ್‌ನ ಜೋಡಣೆ ಒಂದು ಥರ, ಕಾಲಾನುಕ್ರಮ ಹಿಡಿದ ಜೆರೋನಿಮೊ ಪಿಸಾರೊನದು ಇನ್ನೊಂದು ಥರ.

ಇದರಿಂದ ಆಗುವ ತೊಂದರೆ ನೋಡಿ. ಗೆಳೆಯರು '90ನೇ ತುಣುಕು ಓದು' ಎನ್ನುತ್ತಾರೆ, ನಿಮ್ಮ ಪುಸ್ತಕದ 90 ಬೇರೆಯೇ ಏನೋ ಆಗಿರುತ್ತದೆ. ಆದ್ದರಿಂದ ನಂಬರ್ ಬದಲು ತುಣುಕಿನ ಮೊದಲ ಸಾಲು ಬರೆದುಕೊಳ್ಳಿ. ಪಿಡಿಎಫ್ ಬೇಡ ಎಂದದ್ದೂ ಇದಕ್ಕೇ.

ಎರಡನೆಯ ತಪ್ಪು, ಕಾದಂಬರಿಯ ಹಾಗೆ ಮೊದಲಿನಿಂದ ಕೊನೆಗೆ ಓದುವುದು. ಇದರಲ್ಲಿ ಕತೆ ಇಲ್ಲ. ಎಲ್ಲಿ ಬೇಕಾದರೂ ತೆರೆಯಿರಿ, ಎರಡು ಮೂರು ತುಣುಕು ಓದಿ, ಮುಚ್ಚಿ. ದಿನಾ ಇಷ್ಟೇ. ಜಾಸ್ತಿ ಓದಿದರೆ ಸುವಾರೆಸ್‌ನ ಬೇಸರ ನಿಮಗೂ ಹತ್ತಿಕೊಳ್ಳುತ್ತದೆ, ಹೇಳಿದ್ದೇನೆ.

ಹುಡುಕಿ ಓದಬೇಕಾದ ಎರಡು ತುಣುಕು ಹೇಳುತ್ತೇನೆ. ಒಂದರಲ್ಲಿ ಕಚೇರಿಯ ಕೆಲಸದ ಹುಡುಗ ಕೆಲಸ ಬಿಟ್ಟು ತನ್ನೂರಿಗೆ ಹೊರಟುಹೋಗುತ್ತಾನೆ. ಅಷ್ಟೇ ಸುದ್ದಿ. ಅಷ್ಟಕ್ಕೇ ಸುವಾರೆಸ್ ತನ್ನಲ್ಲೇ ಏನೋ ಕಡಿಮೆಯಾದಂತೆ ಕೂರುತ್ತಾನೆ. ಇನ್ನೊಂದರಲ್ಲಿ ಅವನು ಟ್ರಾಮಿನಲ್ಲಿದ್ದಾನೆ. ಮುಂದಿನ ಸೀಟಿನ ಹುಡುಗಿಯ ಬಟ್ಟೆ ನೋಡುತ್ತಾನೆ. ಬಟ್ಟೆ ಬೇರೆ, ಹೊಲಿಗೆ ಬೇರೆ, ಕತ್ತಿನ ಬಳಿಯ ಕಸೂತಿ ಬೇರೆ ಎಂದು ಕಣ್ಣಲ್ಲೇ ಬಿಡಿಸುತ್ತಾನೆ. ಕಸೂತಿಯ ದಾರದಿಂದ ಅದನ್ನು ಮಾಡಿದ ಕಾರ್ಖಾನೆ, ಅಲ್ಲಿನ ಯಂತ್ರ, ಕೆಲಸಗಾರರು, ಅವರ ಮನೆ, ಮನೆಯೊಳಗಿನ ಬದುಕು ಎಲ್ಲ ಕಾಣುತ್ತಾ ಹೋಗುತ್ತದೆ. ತಲೆ ಸುತ್ತಿ, ಸುಸ್ತಾಗಿ, ಟ್ರಾಮಿನಿಂದ ಇಳಿಯುತ್ತಾನೆ.

ಸುವಾರೆಸ್ ಯಾಕೆ ಅರೆ-ಹೆಟೆರೋನಿಮ್ ಎಂದು ಪೆಸೊವಾ ಲೆಕ್ಕ ಕೊಟ್ಟಿದ್ದಾನೆ: ನನ್ನಿಂದ ತರ್ಕವನ್ನೂ ಪ್ರೀತಿ-ಭಾವವನ್ನೂ ಕಳೆದರೆ ಉಳಿಯುವವನು ಇವನು.

8. 'ಮೆನ್ಸಾಜೆಮ್' ಓದುವಾಗ ನಕಾಶೆ ಪಕ್ಕದಲ್ಲಿರಲಿ

'ಮೆನ್ಸಾಜೆಮ್' ಅಂದರೆ ಸಂದೇಶ. ಬದುಕಿದ್ದಾಗ ಪೋರ್ಚುಗೀಸಿನಲ್ಲಿ ಬಂದ ಆ ಒಂದೇ ಸಂಕಲನ ಇದು, 1934ರ ಡಿಸೆಂಬರ್ 1ಕ್ಕೆ ಬಂದ 44 ಪದ್ಯಗಳ ಪುಸ್ತಕ. ಪೋರ್ಚುಗಲ್ಲಿನ ರಾಜರು, ನಾವಿಕರು, ಕಳೆದುಹೋದ ಸಾಮ್ರಾಜ್ಯ. ಚಿಕ್ಕ, ಬಿಗಿಯಾದ ಪದ್ಯಗಳು. ಅಲ್ಲಿನ ಶಾಲಾ ಮಕ್ಕಳಿಗೆ ಬಾಯಿಪಾಠ. "ಉಪ್ಪು ಕಡಲೇ, ನಿನ್ನ ಉಪ್ಪಿನಲ್ಲಿ ಪೋರ್ಚುಗಲ್ಲಿನ ಕಣ್ಣೀರು ಎಷ್ಟು!" ಎಂಬ ಸಾಲು ಇದರದೇ.

ಕನ್ನಡದ ಓದುಗರು ಇಲ್ಲಿ ಒಂದು ಕಡೆ ನಿಲ್ಲಲೇಬೇಕು. ಪುಸ್ತಕದಲ್ಲಿ ವಾಸ್ಕೊ ಡ ಗಾಮ ಇದ್ದಾನೆ, ಅಫೊನ್ಸೊ ದೆ ಅಲ್ಬುಕರ್ಕ್ ಕೂಡ ಇದ್ದಾನೆ. ಗೆದ್ದ ದೇಶಗಳ ಮೇಲೆ ನಿಂತು, ದಣಿದ ಕಣ್ಣು ಕೆಳಗಿಳಿಸುವ ಗಂಭೀರ ಮೂರ್ತಿಯಾಗಿ. 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಯಿಂದ ಗೋವಾ ಕಿತ್ತುಕೊಂಡವನು ಇವನೇ. ಗೋವಾದ ಮೇಲೆ ಏರಿಹೋಗು ಎಂದು ಅವನನ್ನು ಹುರಿದುಂಬಿಸಿದವನು ಹೊನ್ನಾವರದ ಕಡೆಯ ತಿಮ್ಮಯ್ಯ, ಪೋರ್ಚುಗೀಸರ ಬರಹಗಳಲ್ಲಿ ತಿಮೋಜ. ಪದ್ಯದಲ್ಲಿ ತಿಮ್ಮಯ್ಯನೂ ಇಲ್ಲ, ಗೋವಾದಲ್ಲಿ ಸತ್ತವರೂ ಇಲ್ಲ. ಆ ಉಪ್ಪಿನಲ್ಲಿ ನಮ್ಮ ಕರಾವಳಿಯ ಕಣ್ಣೀರಿನ ಪಾಲು ಲೆಕ್ಕಕ್ಕೆ ಬಂದಿಲ್ಲ. ಪದ್ಯವನ್ನು ಮೆಚ್ಚಿಕೊಂಡೇ ಇದನ್ನೂ ಹೇಳಬಹುದು.

ಈ ಪುಸ್ತಕಕ್ಕೆ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್‌ನ ಸರ್ಕಾರದ ಪ್ರಚಾರ ಇಲಾಖೆಯ ಬಹುಮಾನ ಬಂತು. ಹಾಗಾದರೆ ಸರ್ವಾಧಿಕಾರಿಯ ಕವಿಯೇ? 1928ರಲ್ಲಿ ಸೇನಾಡಳಿತವನ್ನು ಸಮರ್ಥಿಸಿ ಬರೆದದ್ದು ನಿಜ. 1935ರಲ್ಲಿ ರಹಸ್ಯ ಸಂಘಗಳನ್ನು ನಿಷೇಧಿಸುವ ಮಸೂದೆಯ ವಿರುದ್ಧ ಪತ್ರಿಕೆಯಲ್ಲಿ ಬರೆದದ್ದೂ, ಸಲಜಾರ್ ಹೆಸರನ್ನೇ ಬಿಡಿಸಿ ಗೇಲಿ ಪದ್ಯ ಕಟ್ಟಿದ್ದೂ ಅಷ್ಟೇ ನಿಜ.

9. ಇನ್ನೂ ಬೇಕೆಂದರೆ

ಪೆಸೊವಾ ಹುಟ್ಟಿಸಿದವರ ಗುಂಪು ದೊಡ್ಡದಿದೆ. 1990ರಲ್ಲಿ ಸಂಶೋಧಕಿ ತೆರೆಜಾ ರೀತಾ ಲೋಪೆಸ್ 72 ಹೆಸರು ಪಟ್ಟಿ ಮಾಡಿದರು. 2013ರಲ್ಲಿ ಪಿಸಾರೊ ಮತ್ತು ಪತ್ರಿಸಿಯೊ ಫೆರಾರಿ 136ಕ್ಕೆ ಏರಿಸಿದರು. ಎಲ್ಲರ ಹಿಂದೆ ಹೋಗಬೇಡಿ, ಬಹಳ ಜನ ಒಂದು ಸಹಿಗಿಂತ ಹೆಚ್ಚಿಲ್ಲ. ಆದರೆ ಮರಿಯಾ ಜೊಸೆಯನ್ನು ಬಿಡಬೇಡಿ. ಗೂನು ಬೆನ್ನಿನ, ಕಿಟಕಿ ಬಿಟ್ಟು ಏಳಲಾಗದ ಹುಡುಗಿ. ಬೀದಿಯಲ್ಲಿ ದಿನಾ ಹೋಗುವ ಲೋಹದ ಕೆಲಸಗಾರನಿಗೆ ಎಂದೂ ಕಳಿಸದ ಒಂದು ಕಾಗದ ಬರೆಯುತ್ತಾಳೆ. ಸಿಕ್ಕರೆ ತೇಯ್ವ್ ಎಂಬ ಬ್ಯಾರನ್‌ನ ಟಿಪ್ಪಣಿಗಳನ್ನೂ ನೋಡಿ.

10. ಸಾಲು ಹಂಚುವ ಮುಂಚೆ

ಪೆಸೊವಾನ ಹೆಸರಿನಲ್ಲಿ ನಕಲಿ ಸಾಲುಗಳು ಧಾರಾಳ. 'ದಾರಿಯಲ್ಲಿ ಕಲ್ಲುಗಳೇ? ಎಲ್ಲ ಕೂಡಿಡುತ್ತೇನೆ, ಒಂದು ದಿನ ಕೋಟೆ ಕಟ್ಟುತ್ತೇನೆ' ಎಂಬುದು ಎಲ್ಲ ಕಡೆ ಓಡಾಡುತ್ತದೆ. ಅದು ಅವನದಲ್ಲ. ಪರೀಕ್ಷಿಸಲು ಸುಲಭದ ದಾರಿ ಇದೆ. ಕಳಿಸಿದವರನ್ನು 'ಇದು ಯಾರ ಸಾಲು, ಕಾಯೆರೊನದೋ, ರೇಯ್ಸ್‌ನದೋ, ಕಾಂಪೋಸ್‌ನದೋ, ಸುವಾರೆಸ್‌ನದೋ' ಎಂದು ಕೇಳಿ. ಉತ್ತರ ಬಂದರೆ ಆರ್ಕೀವೊ ಪೆಸೊವಾದಲ್ಲಿ ಆ ಹೆಸರಿನಡಿ ಹುಡುಕಿ. 'ಪೆಸೊವಾನದು ಅಷ್ಟೇ ಗೊತ್ತು' ಎಂದರೆ ಫಾರ್ವರ್ಡ್ ಮಾಡಬೇಡಿ.